ಉಪ್ಪು ಇಳಿಯಲಿ, ಸೊಪ್ಪು ಏರಲಿ

ಉಪ್ಪಿನ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಖಾಲಿಯಾದ ದಿನ ಲೆಕ್ಕ ಹಾಕಿ. ಮನೆಯಲ್ಲಿ ನಾಲ್ಕು ಜನರಿದ್ದು, ಒಂದು ಕಿಲೋ ಉಪ್ಪು ತಿಂಗಳಿಗೆ ಮುಗಿಯುತ್ತಿದ್ದರೆ ತಲಾ ದಿನಕ್ಕೆ ಎಂಟು ಗ್ರಾಂ ದಾಟಿತು ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟಿರುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಆ ಪ್ರಕಾರ ಇದೇ ನಾಲ್ವರಿಗೆ ತಿಂಗಳಿಗೆ 600 ಗ್ರಾಂ ಸಾಕು. ಚೆಲ್ಲಿದ್ದು, ಬಸಿದು ಹೋದದ್ದು ಸ್ವಲ್ಪ ಕಳೆಯಿರಿ. ಆದರೆ ಅಂಗಡಿಯ ಹಪ್ಪಳ, ಬೇಕರಿಯ ಖಾರ ಬನ್, ಸಂಜೆಯ ಮಿಕ್ಸ್ಚರ್, ಭಾನುವಾರದ ಹೋಟೆಲ್ ಊಟ ಈ ಲೆಕ್ಕಕ್ಕೆ ಇನ್ನೂ ಬಂದೇ ಇಲ್ಲ.

ಈ ಲೆಕ್ಕ ಬಿಪಿ ಇರುವವರ ಮನೆಗೆ ಮಾತ್ರ ಎಂದುಕೊಳ್ಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಜ್ಯ ರಾಜ್ಯಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಮೂವರಲ್ಲಿ ಒಬ್ಬರು ಎಂದಾಯಿತು. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿಪಿಯೂ ಇಲ್ಲ ಎಂದು ತಿರುಗಾಡುವವರೇ ಇವರಲ್ಲಿ ಬಹಳ.

ಡಾಕ್ಟರು ಬಿಪಿ ಅಳೆದ ಪಟ್ಟಿಯನ್ನು ತೋಳಿನಿಂದ ಬಿಚ್ಚುತ್ತಾ ‘ಉಪ್ಪು ಕಡಿಮೆ ಮಾಡಿ’ ಎನ್ನುತ್ತಾರೆ. ಊಟದ ವಿಚಾರ ಅಲ್ಲಿಗೇ ಮುಗಿಯುತ್ತದೆ. ಹೇಳಿದ್ದು ಸರಿಯೇ, ಆದರೆ ಅರ್ಧ ಮಾತ್ರ. ತಟ್ಟೆಯಿಂದ ಏನು ತೆಗೆಯಬೇಕು ಎಂಬಷ್ಟೇ ಮುಖ್ಯವಾದದ್ದು ತಟ್ಟೆಗೆ ಏನು ಹಾಕಬೇಕು ಎಂಬುದು. ಆ ಇನ್ನರ್ಧವನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಒಳಗೆ ಆಗುವುದೇನು?

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ಗಾದೆ ನೀತಿಗಾಗಿ ಹುಟ್ಟಿದ್ದಾದರೂ ದೇಹದ ಮಟ್ಟಿಗೆ ಅಕ್ಷರಶಃ ನಿಜ. ಉಪ್ಪಿನ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸೋಡಿಯಂ. 5 ಗ್ರಾಂ ಉಪ್ಪೆಂದರೆ 2 ಗ್ರಾಂ ಸೋಡಿಯಂ. ರಕ್ತದಲ್ಲಿ ಅದು ಹೆಚ್ಚಾದರೆ ದೇಹ ಅದಕ್ಕೆ ತಕ್ಕಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತನಾಳದಲ್ಲಿ ಹರಿಯುವ ದ್ರವ ಹೆಚ್ಚುತ್ತದೆ, ಗೋಡೆಯ ಮೇಲೆ ಒತ್ತಡ ಏರುತ್ತದೆ. ಹೆಚ್ಚಾದ ಸೋಡಿಯಂ ಹೊರಹಾಕುವ ಕೆಲಸ ಮೂತ್ರಪಿಂಡದ್ದು. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಸೇರಿಕೊಂಡಂತೆ ಅದರ ಶಕ್ತಿ ಕುಗ್ಗುತ್ತದೆ. ಇಪ್ಪತ್ತೈದರಲ್ಲಿ ದಕ್ಕಿದ ಉಪ್ಪಿನಕಾಯಿ ಐವತ್ತೈದರಲ್ಲಿ ದಕ್ಕದಿರುವುದು ಇದಕ್ಕೇ.

ಪೊಟ್ಯಾಸಿಯಂ ಇದಕ್ಕೆ ಎದುರು ನಿಲ್ಲುತ್ತದೆ. ಸೊಪ್ಪು, ತರಕಾರಿ, ಕಾಳು, ಹಣ್ಣು, ಎಳನೀರಿನಲ್ಲಿ ಸಿಗುವ ಈ ಖನಿಜ ಸೋಡಿಯಂ ಮೂತ್ರದಲ್ಲಿ ಹೊರಬೀಳುವಂತೆ ಮಾಡುತ್ತದೆ, ರಕ್ತನಾಳಗಳ ಬಿಗಿ ಸಡಿಲಿಸುತ್ತದೆ. ದಿನಕ್ಕೆ ಕನಿಷ್ಠ 3.5 ಗ್ರಾಂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೊಡ್ಡ ಗುಡ್ಡೆ ಬಿಳಿ ಅನ್ನ, ತಿಳಿ ಸಾರು, ಒಂದು ಚಮಚ ಪಲ್ಯ, ಹಪ್ಪಳ, ಉಪ್ಪಿನಕಾಯಿ ಎಂಬ ಊಟದಲ್ಲಿ ಸೋಡಿಯಂ ಧಾರಾಳ, ಪೊಟ್ಯಾಸಿಯಂ ಬಡವ. ಬಿಪಿಯ ಕಥೆ ಈ ಎರಡರ ನಡುವಿನ ತಕ್ಕಡಿಯದು.

ಅನ್ನವನ್ನೇ ಪಥ್ಯ ಮಾಡಿದ ವೈದ್ಯ

ಊಟ ಬದಲಿಸಿದರೆ ಬಿಪಿ ಇಳಿಯುತ್ತದೆ ಎಂದು ವೈದ್ಯಲೋಕಕ್ಕೆ ಕಣ್ಣಾರೆ ಕಾಣಿಸಿದವರು ವಾಲ್ಟರ್ ಕೆಂಪ್ನರ್. ಹಿಟ್ಲರನ ಜರ್ಮನಿ ಬಿಟ್ಟು 1934ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದವರು. ಆ ಕಾಲದಲ್ಲಿ ಬಿಪಿಗೆ ಹೇಳಿಕೊಳ್ಳುವಂಥ ಮಾತ್ರೆಯೇ ಇರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಕುಸಿದಾಗ ವೈದ್ಯರು ಬರೆದುಕೊಂಡ ಅಂಕಿ 300/190. ದೇಶದ ದೊರೆಗೇ ಇಲ್ಲದ ಮದ್ದು ಉಳಿದವರಿಗೆ ಎಲ್ಲಿಂದ ಬರಬೇಕು?

ಕೆಂಪ್ನರ್ ಕೊಟ್ಟ ಪಥ್ಯ ಬಿಳಿ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ. ಉಪ್ಪಿಲ್ಲ, ಎಣ್ಣೆ-ಬೆಣ್ಣೆಯಿಲ್ಲ. ಮೂತ್ರಪಿಂಡ ಕೆಟ್ಟು ಬಿಪಿ ವಿಪರೀತ ಏರಿದ್ದ ರೈತ ಮಹಿಳೆಯೊಬ್ಬರಿಗೆ ಎರಡು ವಾರ ಪಥ್ಯ ಮಾಡಿ ಬರುವಂತೆ ಹೇಳಿದರಂತೆ. ಅವರ ಜರ್ಮನ್ ಉಚ್ಚಾರಣೆ ಆಕೆಗೆ ಸರಿಯಾಗಿ ತಿಳಿಯದೆ ಎರಡು ತಿಂಗಳು ಬಿಟ್ಟು ಬಂದರಂತೆ. ಬಂದಾಗ ಬಿಪಿ ಇಳಿದಿತ್ತು, ಕಣ್ಣಿನ ಹಿಂಭಾಗದ ರಕ್ತಸ್ರಾವ ಮಾಯುತ್ತಿತ್ತು, ಊದಿದ್ದ ಹೃದಯ ಕುಗ್ಗಿತ್ತು. ಕೆಂಪ್ನರ್ ಇಂಥ ರೋಗಿಗಳ ಕಣ್ಣಿನ ಚಿತ್ರ, ಎಕ್ಸ್‌ರೇಗಳನ್ನು 1940ರ ದಶಕದಲ್ಲಿ ವೈದ್ಯರ ಮುಂದಿಟ್ಟಾಗ ನಂಬಿದವರಿಗಿಂತ ಅನುಮಾನಿಸಿದವರೇ ಹೆಚ್ಚು.

ಹಾಗೆಂದು ನಾವು ಅನ್ನ-ಬಾಳೆಹಣ್ಣು ತಿಂದು ಕೂರಬೇಕಿಲ್ಲ. ಅದು ಆಸ್ಪತ್ರೆಯ ಕಣ್ಗಾವಲಿನಲ್ಲಿ ಸಾವಿನಂಚಿನವರಿಗೆ ಕೊಟ್ಟ ಕಠೋರ ಪಥ್ಯ, ಹೆಚ್ಚು ಕಾಲ ಯಾರೂ ತಾಳಿಕೊಳ್ಳುವಂಥದ್ದಲ್ಲ. ತಿಳಿಯಬೇಕಾದದ್ದು ಇಷ್ಟೇ: ಅಪರಾಧಿ ಅನ್ನವಲ್ಲ. ಅನ್ನದ ಜೊತೆ ನಾವು ಕಲಸಿಕೊಳ್ಳುವುದರಲ್ಲಿ, ನೆಂಚಿಕೊಳ್ಳುವುದರಲ್ಲಿ ಮತ್ತು ಬಡಿಸಿಕೊಳ್ಳದೇ ಬಿಟ್ಟದ್ದರಲ್ಲಿ ವಿಷಯವಿದೆ.

ಉಪ್ಪು ಮುಟ್ಟದೆಯೂ ಇಳಿದ ಒತ್ತಡ

ಅಮೆರಿಕದಲ್ಲಿ ಮುಂದೆ ನಡೆದ ‘ಡ್ಯಾಶ್’ ಪ್ರಯೋಗ ಈ ಮಾತಿಗೆ ಗಟ್ಟಿ ಆಧಾರ ಕೊಟ್ಟಿತು. ಫಲಿತಾಂಶ ಹೊರಬಂದದ್ದು 1997ರಲ್ಲಿ. ಪಾಲ್ಗೊಂಡ 459 ಜನರಿಗೂ ಊಟವನ್ನು ಸಂಶೋಧಕರೇ ಬೇಯಿಸಿ ಕೊಟ್ಟರು. ಒಂದು ಗುಂಪಿಗೆ ಅಮೆರಿಕನ್ನರ ಮಾಮೂಲಿ ಊಟ. ಎರಡನೆಯದಕ್ಕೆ ಹಣ್ಣು-ತರಕಾರಿ ಹೆಚ್ಚು. ಮೂರನೆಯದಕ್ಕೆ ಹಣ್ಣು-ತರಕಾರಿಯ ಜೊತೆ ಕೆನೆ ತೆಗೆದ ಹಾಲು-ಮೊಸರು, ಇಡಿಯ ಧಾನ್ಯ, ಕಾಳು-ಬೀಜ. ಕೊಬ್ಬು, ಸಿಹಿ, ಕೆಂಪು ಮಾಂಸ ಕಡಿಮೆ. ಉಪ್ಪನ್ನು ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿಟ್ಟರು. ತೂಕ ಇಳಿಯಲೂ ಬಿಡಲಿಲ್ಲ.

ಎಂಟು ವಾರದ ಕೊನೆಗೆ ಮಾಮೂಲಿ ಊಟದವರಿಗೆ ಹೋಲಿಸಿದರೆ ಮೂರನೇ ಗುಂಪಿನವರ ಬಿಪಿಯ ಮೇಲಿನ ಅಂಕಿ ಸರಾಸರಿ 5.5, ಕೆಳಗಿನದು 3 ಇಳಿದಿತ್ತು. ಮೊದಲೇ ಬಿಪಿ ಇದ್ದವರಲ್ಲಿ ಇಳಿತ 11.4 ಮತ್ತು 5.5. ಮಾತ್ರೆಯೊಂದು ಮಾಡುವ ಕೆಲಸಕ್ಕೆ ಇದು ಹತ್ತಿರ. ಬದಲಾವಣೆ ಕಾಣಲು ಎರಡು ವಾರ ಸಾಕಾಗಿತ್ತು. 2001ರಲ್ಲಿ ಇದೇ ತಂಡ ಉಪ್ಪನ್ನೂ ಹಂತ ಹಂತವಾಗಿ ಇಳಿಸಿ ನೋಡಿತು. ಒಳ್ಳೆಯ ಊಟ ಮತ್ತು ಕಡಿಮೆ ಉಪ್ಪು ಎರಡೂ ಕೂಡಿದಾಗ ಒತ್ತಡ ಎಲ್ಲಕ್ಕಿಂತ ಹೆಚ್ಚು ಇಳಿಯಿತು.

ಐದು ಅಂಕಿ ಇಳಿದರೆ ಏನು ಮಹಾ ಎನ್ನಬಹುದು. ಮಾತ್ರೆಗಳ ಮೇಲೆ ನಡೆದ 48 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2021ರ ಅಧ್ಯಯನದಲ್ಲಿ, ಮೇಲಿನ ಅಂಕಿ 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಶೇ 10ರಷ್ಟು ತಗ್ಗುವುದು ಕಂಡಿತು.

ನಮ್ಮ ತಟ್ಟೆಯಲ್ಲೇ ಇರುವ ಡ್ಯಾಶ್

ಡ್ಯಾಶ್ ಊಟ ಎಂದೊಡನೆ ಆಲಿವ್ ಎಣ್ಣೆ, ಬ್ರೊಕೊಲಿ, ಓಟ್ಸ್ ಪಟ್ಟಿ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಓಡುವವರಿದ್ದಾರೆ. ಅಗತ್ಯವಿಲ್ಲ. ನಮ್ಮ ಊಟಕ್ಕೊಂದು ದೊಡ್ಡ ಅನುಕೂಲವಿದೆ: ತಟ್ಟೆಯ ಬುಡದಲ್ಲಿರುವ ವಸ್ತುವಿಗೆ ಉಪ್ಪಿಲ್ಲ. ಅನ್ನಕ್ಕೆ ಉಪ್ಪು ಹಾಕುವ ಮನೆ ಕಡಿಮೆ. ಜೋಳದ ರೊಟ್ಟಿ ಬಡಿಯುವವರು, ಮುದ್ದೆ ತಿರುವುವವರು ಉಪ್ಪು ಹಾಕುವುದು ಅಪರೂಪ, ಹಾಕಿದರೂ ಚಿಟಿಕೆ. ಬ್ರೆಡ್ ತಿನ್ನುವ ದೇಶಗಳಿಗೆ ಈ ಭಾಗ್ಯವಿಲ್ಲ, ಅಲ್ಲಿ ಉಪ್ಪು ಹಿಟ್ಟಿನೊಳಗೇ ಕೂತಿರುತ್ತದೆ. ರಾಗಿಗೆ ಇನ್ನೊಂದು ಹೆಚ್ಚುಗಾರಿಕೆ ಉಂಟು. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ಪೊಟ್ಯಾಸಿಯಂ ಸುಮಾರು ನಾಲ್ಕು ಪಟ್ಟು.

ಬಸ್ಸಾರನ್ನು ನೋಡಿ. ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಅಲಸಂದೆ ಅಥವಾ ಹೆಸರುಕಾಳಿನ ಜೊತೆ ಬೇಯಿಸುತ್ತಾರೆ. ನೀರು ಬಸಿದು, ಆ ನೀರಿಗೇ ಮಸಾಲೆ ರುಬ್ಬಿ ಹಾಕಿ ಕುದಿಸುತ್ತಾರೆ. ಬಸಿದ ಸೊಪ್ಪು-ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಸೊಪ್ಪು, ಕಾಳಿನ ಪೊಟ್ಯಾಸಿಯಂನಲ್ಲಿ ಒಂದಿಷ್ಟು ಬೇಯುವಾಗ ನೀರಿಗೆ ಇಳಿಯುತ್ತದೆ. ಬೆಂದ ನೀರು ಚೆಲ್ಲುವ ಅಡುಗೆಯಲ್ಲಿ ಅದು ಬಚ್ಚಲಿಗೆ ಹೋಗುತ್ತದೆ. ಬಸ್ಸಾರಿನಲ್ಲಿ ಅದೇ ಸಾರಾಗಿ ತಟ್ಟೆಗೆ ಬರುತ್ತದೆ. ಸೊಪ್ಪು, ಕಾಳು, ಮುದ್ದೆ ಮೂರೂ ಒಂದೇ ಊಟದಲ್ಲಿ ಸಿಗುವ ಇಂಥ ಪಥ್ಯವನ್ನು ಯಾವ ಆಹಾರತಜ್ಞರೂ ಹೊಸದಾಗಿ ಬರೆದುಕೊಡಬೇಕಿಲ್ಲ.

ಎಡವುವುದು ಉಪ್ಪಿನಲ್ಲಿ. ಬೇಯಲು ಇಟ್ಟಾಗ ಒಮ್ಮೆ, ಸಾರು ಕುದಿಯುವಾಗ ಒಮ್ಮೆ, ಪಲ್ಯದ ಒಗ್ಗರಣೆಗೆ ಇನ್ನೊಮ್ಮೆ, ಹೀಗೆ ಮೂರು ಸಲ ಉಪ್ಪು ಬೀಳುತ್ತದೆ. ಬೇಯುವಾಗಿನ ಉಪ್ಪನ್ನು ಕೈಬಿಟ್ಟು, ಸಾರಿಗೂ ಪಲ್ಯಕ್ಕೂ ಕೊನೆಯಲ್ಲಿ ಅಳೆದು ಹಾಕಿದರೆ ರುಚಿಗೆ ಮೋಸವಿಲ್ಲ. ಇಡ್ಲಿಯದೂ ಇದೇ ಕಥೆ: ಹಿಟ್ಟಿಗೆ ಉಪ್ಪು, ಚಟ್ನಿಗೆ ಉಪ್ಪು, ಸಾಂಬಾರಿಗೆ ಉಪ್ಪು. ಹಿಟ್ಟಿನ ಉಪ್ಪು ಅರ್ಧಕ್ಕಿಳಿದರೆ ಚಟ್ನಿ ಮುಟ್ಟಿದ ನಾಲಿಗೆಗೆ ಗೊತ್ತೇ ಆಗದು.

ಉತ್ತರ ಕರ್ನಾಟಕದ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಸವತೆಕಾಯಿ ಹಸಿಯಾಗಿಯೇ ಬರುತ್ತವೆ. ಜೊತೆಗೆ ಪುಂಡಿ ಪಲ್ಯ, ಮಡಕಿಕಾಳು. ಇವನ್ನು ಹೆಚ್ಚಿಸಿ, ರಂಜಕ ಮತ್ತು ಚಟ್ನಿಪುಡಿಯನ್ನು ಬೆರಳ ತುದಿಗೆ ಇಳಿಸಿದರೆ ಅರ್ಧ ಕೆಲಸ ಆಯಿತು. ಮಲೆನಾಡಿನ ಒಂದೆಲಗದ ತಂಬುಳಿಯಲ್ಲಿ ಸೊಪ್ಪೂ ಇದೆ, ಮಜ್ಜಿಗೆಯೂ ಇದೆ. ಕರಾವಳಿಯ ಕುಚ್ಚಲಕ್ಕಿ ಗಂಜಿ ತಾನಾಗಿ ಸಾಧು. ಅದರ ಜೊತೆಗೆ ಬರುವ ಉಪ್ಪಿನಕಾಯಿ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಬಗ್ಗೆ ಹುಷಾರಾಗಿರಬೇಕು. ಗಂಜಿಗೆ ಹುರುಳಿ ಅಥವಾ ಹೆಸರುಕಾಳಿನ ಪಲ್ಯ ಜೋಡಿಯಾದರೆ ಲೆಕ್ಕ ಬದಲಾಗುತ್ತದೆ.

ಪ್ರಮಾಣ ಎಷ್ಟಿರಬೇಕು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ. ನಮ್ಮ ಎಷ್ಟೋ ಮನೆಗಳಲ್ಲಿ ಈ ಎರಡು ಅಂಕಿಗಳು ತಿರುಗುಮುರುಗಾಗಿವೆ. ಒಂದು ಸೌಟು ಅನ್ನ ಇಳಿಸಿ ಒಂದು ಸೌಟು ಪಲ್ಯ ಏರಿಸಿದರೆ ತೂಕವೂ ನಿಧಾನಕ್ಕೆ ತಗ್ಗುತ್ತದೆ. ಒಂದು ಕಿಲೋ ತೂಕ ಇಳಿದರೆ ಮೇಲಿನ ಅಂಕಿಯೂ ಸರಾಸರಿ ಸುಮಾರು ಒಂದು ಇಳಿಯುತ್ತದೆ.

ಅಡಗಿ ಕೂತ ಉಪ್ಪು

ಮಟ್ಟಸವಾದ ಒಂದು ಟೀ ಚಮಚ ಪುಡಿಯುಪ್ಪು ಐದಾರು ಗ್ರಾಂ ತೂಗುತ್ತದೆ. ಒಂದು ಲೀಟರ್ ಸಾರಿಗೆ ಅಂಥ ಎರಡು ಚಮಚ ಬಿದ್ದರೆ, ಎರಡು ಸಣ್ಣ ಸೌಟು ಸಾರಿನಲ್ಲೇ ಒಂದೂವರೆ ಗ್ರಾಂ ಉಪ್ಪು. ಇದು ಕಣ್ಣಿಗೆ ಕಾಣುವ ಲೆಕ್ಕ. ಕಾಣದ್ದು ಬೇರೆಯೇ ಇದೆ. ಉದ್ದಿನ ಹಪ್ಪಳದ ಹಿಟ್ಟಿಗೆ ಉಪ್ಪಿನ ಜೊತೆ ಸೋಡಾವನ್ನೂ ಬೆರೆಸುತ್ತಾರೆ. ಸೋಡಾ ಎಂದರೂ ಸೋಡಿಯಮ್ಮೇ. ಬೋಂಡಾ, ಬಿಸ್ಕತ್ತು, ಕೇಕಿನಲ್ಲೂ ಅದಿದೆ. ಹೊಟ್ಟೆ ಉಬ್ಬರಕ್ಕೆಂದು ನೀರಿಗೆ ಹಾಕಿ ನೊರೆಯುಕ್ಕಿಸಿ ಕುಡಿಯುವ ಪುಡಿಯಲ್ಲೂ ಇದೆ. ಮಜ್ಜಿಗೆ ಮೆಣಸು, ಸಂಡಿಗೆ, ನಿಪ್ಪಟ್ಟು, ಕೋಡುಬಳೆ ಒಂದೊಂದೂ ಅಲ್ಪವೆನಿಸುತ್ತವೆ. ಸಂಜೆಯ ಕಾಫಿಯ ಜೊತೆ ಕೂಡಿಸಿದಾಗ ಅಲ್ಪ ಅಲ್ಪವೇ ದೊಡ್ಡದಾಗುತ್ತದೆ.

ಪೊಟ್ಟಣದ ತಿನಿಸಾದರೆ ಹಿಂಬದಿ ತಿರುಗಿಸಿ ಸೋಡಿಯಂ ಸಾಲನ್ನು ಹುಡುಕಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. 100 ಗ್ರಾಂ ತಿನಿಸಿನಲ್ಲಿ 600 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದ್ದರೆ ಬ್ರಿಟನ್ನಿನಲ್ಲಿ ಅದಕ್ಕೆ ಕೆಂಪು ಗುರುತು. ನಾವೂ ಆ ಅಂಕಿಯನ್ನು ನೆನಪಿಟ್ಟುಕೊಳ್ಳಬಹುದು.

‘ನಮ್ಮಲ್ಲಿ ಸೈಂಧವ ಲವಣ ಬಳಸುತ್ತೇವೆ, ತೊಂದರೆಯಿಲ್ಲ’ ಎನ್ನುವ ಸಮಾಧಾನವೂ ಸರಿಯಲ್ಲ. ಗುಲಾಬಿ ಬಣ್ಣ, ಚೂರುಪಾರು ಬೇರೆ ಖನಿಜ ಇದ್ದರೂ ಅದು ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿಗೆ ಲಾಭವಿಲ್ಲ, ಅಯೋಡಿನ್ ಬೆರೆಸದಿದ್ದರೆ ಥೈರಾಯ್ಡ್‌ಗೆ ನಷ್ಟ. ಕಲ್ಲುಪ್ಪಿನದೂ ಇದೇ ಮಾತು. ಇನ್ನು ಕೆಮ್ಮಿಗೆಂದು ದಿನವೂ ಅತಿಮಧುರ ಅಗಿಯುವವರು ತಿಳಿದಿರಬೇಕಾದದ್ದು: ಹೆಚ್ಚಾದರೆ ಅದು ಪೊಟ್ಯಾಸಿಯಂ ಕಳೆದು ಬಿಪಿಯನ್ನು ಏರಿಸುತ್ತದೆ.

ಚೀನಾದ 600 ಹಳ್ಳಿಗಳ ಪಾಠ

ಉಪ್ಪನ್ನೇ ಬದಲಿಸಿದರೆ ಹೇಗೆ? ಚೀನಾದ ಉತ್ತರ ಭಾಗದ ಹಳ್ಳಿಗರೂ ನಮ್ಮ ಹಾಗೆ ತಿನ್ನುವ ಉಪ್ಪಿನ ಬಹುಪಾಲನ್ನು ಮನೆಯ ಪಾತ್ರೆಗೇ ಹಾಕುವವರು. ಅಂಥ 600 ಹಳ್ಳಿಗಳ ಸುಮಾರು 21 ಸಾವಿರ ಜನರನ್ನು ಸಂಶೋಧಕರು ಐದು ವರ್ಷದಷ್ಟು ಕಾಲ ಗಮನಿಸಿದರು. ಇವರೆಲ್ಲ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿದ ಬಿಪಿ ರೋಗಿಗಳು. ಅರ್ಧದಷ್ಟು ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು, ಉಳಿದವರು ಮಾಮೂಲಿ ಉಪ್ಪನ್ನೇ ಬಳಸಿದರು. 2021ರಲ್ಲಿ ಫಲಿತಾಂಶ ಬಂತು: ಬೆರಕೆ ಉಪ್ಪಿನವರಲ್ಲಿ ಪಾರ್ಶ್ವವಾಯು ಶೇ 14, ಸಾವು ಶೇ 12 ಕಡಿಮೆ. ಅಡುಗೆ ಬದಲಾಗಲಿಲ್ಲ, ಡಬ್ಬಿಯೊಳಗಿನ ಪುಡಿ ಮಾತ್ರ ಬದಲಾಯಿತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪಿನ ಪರವಾಗಿ ಸಲಹೆ ಕೊಟ್ಟಿತು.

ಆದರೆ ಆ ಸಲಹೆಗೆ ಗಟ್ಟಿ ಷರತ್ತಿದೆ. ಮೂತ್ರಪಿಂಡದ ತೊಂದರೆ ಇರುವವರ ದೇಹ ಪೊಟ್ಯಾಸಿಯಂ ಅನ್ನು ಹೊರಹಾಕಲು ಹೆಣಗುತ್ತದೆ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಇಂಥವರು ಬೆರಕೆ ಉಪ್ಪು ತರುವ ಮುಂಚೆ, ದಿನಾ ಎಳನೀರು ಶುರುಮಾಡುವ ಮುಂಚೆ ರಕ್ತಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಲೇಬೇಕು. ಮೂತ್ರಪಿಂಡದ ರೋಗಿಗಳಿಗೆ ತರಕಾರಿ ಬೇಯಿಸಿ ನೀರು ಚೆಲ್ಲಿ ಎನ್ನುವುದೂ ಇದೇ ಕಾರಣಕ್ಕೆ. ಅವರಿಗೆ ಬಸ್ಸಾರಿನ ಲಾಭವೇ ಅಪಾಯ.

ನಾಲಿಗೆಗೆ ಸಮಯ ಕೊಡಿ

ಸೋಮವಾರದಿಂದ ಸಪ್ಪೆ ಊಟ ಎಂದು ಪಣ ತೊಟ್ಟವರು ಗುರುವಾರಕ್ಕೆ ಉಪ್ಪಿನಕಾಯಿ ಭರಣಿ ಹುಡುಕುತ್ತಾರೆ. ನಾಲಿಗೆ ಹಟಮಾರಿಯಾದರೂ ಕಲಿಯುತ್ತದೆ. ವಾರಕ್ಕಿಷ್ಟು ಎಂದು ಇಳಿಸುತ್ತಾ ಹೋದರೆ ಎರಡು-ಮೂರು ತಿಂಗಳಲ್ಲಿ ಹಳೆಯ ಅಳತೆಯ ಸಾರೇ ಉಪ್ಪುಪ್ಪಾಗಿ ತೋರುತ್ತದೆ. ಕೈಯಳತೆ ಬಿಟ್ಟು ಡಬ್ಬಿಯಲ್ಲಿ ಒಂದು ಚಮಚ ಇಡಿ. ಉಪ್ಪು ಬಿಟ್ಟ ಜಾಗಕ್ಕೆ ಹುಳಿ ಬರಲಿ: ಊಟಕ್ಕೆ ಕೂತಾಗ ಹಿಂಡಿದ ನಿಂಬೆ, ಸಾರಿಗೆ ಅಮಟೆಕಾಯಿ, ಪುನರ್ಪುಳಿ. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆಯೂ ಆಸರೆಯಾಗುತ್ತವೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಉದುರಿಸಿದರೆ ಕಡಿಮೆಯಲ್ಲೇ ರುಚಿ ಹತ್ತುತ್ತದೆ. ಉಪ್ಪಿನಕಾಯಿ ದಿನದ ಊಟದಿಂದ ಹಬ್ಬದ ಊಟಕ್ಕೆ ಬಡ್ತಿ ಪಡೆಯಲಿ.

ಬಿಪಿ ಮಾತ್ರೆ ನುಂಗುತ್ತಿರುವವರು ಊಟ ಸುಧಾರಿಸಿತೆಂದು ತಾವಾಗಿ ಅದನ್ನು ನಿಲ್ಲಿಸಬಾರದು. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಮೇಜಿನ ಮೇಲಿಟ್ಟು ಮನೆಯಲ್ಲೇ ಅಳೆದ ಅಂಕಿಗಳನ್ನು ಬರೆದಿಟ್ಟು ತೋರಿಸಿ. ಮಾತ್ರೆ ಇಳಿಸುವ ತೀರ್ಮಾನ ವೈದ್ಯರದ್ದಿರಲಿ.

ಕೊನೆಯದು ಅಡುಗೆ ಮಾಡುವವರ ಮಾತು. ನಮ್ಮಲ್ಲಿ ಬಿಪಿ ಬಂದದ್ದು ಗಂಡನಿಗಾದರೆ ಸಲಹೆ ಕೇಳಿಸಿಕೊಳ್ಳುವವನು ಅವನು, ಪಾಲಿಸಬೇಕಾದವಳು ಅಡುಗೆಮನೆಯಲ್ಲಿರುವವಳು. ಅವನಿಗೆಂದು ಸಪ್ಪೆ ಸಾರಿನ ಇನ್ನೊಂದು ಪಾತ್ರೆ ಒಲೆಯ ಮೇಲೆ ಏರುತ್ತದೆ. ಕೆಲವೇ ದಿನಗಳಲ್ಲಿ ಅವಳಿಗೂ ಸಾಕಾಗುತ್ತದೆ, ಅವನಿಗೂ ಬೇಸರ ಬರುತ್ತದೆ. ಇತ್ತ ಎಲ್ಲರದೂ ಮುಗಿದ ಮೇಲೆ ಪಲ್ಯ ಖಾಲಿಯಾದ ಬಾಣಲೆ ನೋಡಿ, ಉಳಿದ ಅನ್ನಕ್ಕೆ ಮಜ್ಜಿಗೆ-ಉಪ್ಪಿನಕಾಯಿ ಹಾಕಿಕೊಂಡು ಉಣ್ಣುವವಳ ಬಿಪಿಯನ್ನು ಯಾರೂ ನೋಡಿರುವುದಿಲ್ಲ. ಎರಡು ಪಾತ್ರೆ ಬೇಡ, ಒಂದೇ ಪಾತ್ರೆಯ ಉಪ್ಪು ಎಲ್ಲರಿಗೂ ಇಳಿಯಲಿ. ಪಲ್ಯ ಕೊನೆಗೆ ಉಣ್ಣುವವರಿಗೂ ಸಾಲುವಷ್ಟಿರಲಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅಡುಗೆ ಮಾಡುವವರನ್ನೂ ಜೊತೆಗೆ ಕರೆದೊಯ್ಯಿರಿ. ಪಟ್ಟಿಯನ್ನು ಅವರ ತೋಳಿಗೂ ಕಟ್ಟಿಸಿ.